ನೆರೆಮನೆಯ ಸೂರು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ಮನೆ ಕಟ್ಟುವ ಕಷ್ಟವನ್ನು ಹೇಳುವ ಈ ಗಾದೆಯು ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟದ ಮಾತನ್ನು ಎತ್ತುವುದಿಲ್ಲ. ಕಟ್ಟುವುದು ಒಂದು ಸಲದ ಕೆಲಸ. ಉಳಿಸಿಕೊಳ್ಳುವುದು ವರ್ಷವರ್ಷದ ಕೆಲಸ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ಜಂತೆಯನ್ನು ಬದಲಾಯಿಸಬೇಕು, ಕುಸಿದ ಗೋಡೆಗೆ ಮಣ್ಣು ಮೆತ್ತಬೇಕು. ಕೈಯಲ್ಲಿ ಕಾಸಿಲ್ಲದವರೂ ಮೈಯಲ್ಲಿ ಕಸುವಿಲ್ಲದವರೂ ಈ ಕೆಲಸವನ್ನು ಇಂದು ನಾಳೆ ಎಂದು ಮುಂದೆ ಹಾಕುತ್ತಾರೆ. ಹೀಗೆ ಮುಂದೆ ಹಾಕಿದ ಕೆಲಸದಿಂದಲೇ ಎಷ್ಟೋ ಮನೆಗಳು ಬೀಳುತ್ತವೆ.

ಇಂಥ ಮನೆಗಳನ್ನು ದುರಸ್ತು ಮಾಡಿಕೊಡುವುದನ್ನೇ ವ್ರತವಾಗಿ ಹಿಡಿದ ಕ್ರೈಸ್ತ ಬೇಸಗೆ ಶಿಬಿರಗಳು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿವೆ. ಅವುಗಳಲ್ಲಿ ಅಪಲೇಷಿಯ ಪರ್ವತಪ್ರದೇಶದಲ್ಲಿ ನಡೆಯುವ ಒಂದು ಶಿಬಿರದ ಹಿನ್ನೆಲೆಯನ್ನೂ ಕಾರ್ಯಕ್ರಮವನ್ನೂ ತಿಳಿಸುವುದು ಈ ಲೇಖನದ ಉದ್ದೇಶ. ಅದರೊಡನೆ ಒಂದು ಪ್ರಶ್ನೆಯನ್ನೂ ವಿಚಾರಿಸಬೇಕಾಗಿದೆ: ಸಹಾಯಕ್ಕೆಂದು ಇನ್ನೊಬ್ಬರ ಹೊಸಿಲನ್ನು ದಾಟುವವನು ಹೇಗೆ ದಾಟಬೇಕು?

ಪ್ರದೇಶದ ಪರಿಚಯ

ಅಪಲೇಷಿಯನ್ ಪರ್ವತಶ್ರೇಣಿಯು ಅಮೆರಿಕದ ಪೂರ್ವಭಾಗದಲ್ಲಿ ಈಶಾನ್ಯದಿಂದ ನೈರುತ್ಯಕ್ಕೆ ಹಬ್ಬಿದೆ. ಅದರ ಮಧ್ಯಭಾಗದಲ್ಲಿರುವ ಪೂರ್ವ ಕೆಂಟಕಿ, ಪಶ್ಚಿಮ ವರ್ಜೀನಿಯ ಮತ್ತು ಅವುಗಳ ನೆರೆಯ ಸೀಮೆಗಳು ಕಲ್ಲಿದ್ದಲಿಗೆ ಹೆಸರಾದವು. ನೆಲದೊಳಗೆ ಅಷ್ಟು ಸಂಪತ್ತಿದ್ದೂ ನೆಲದ ಮೇಲಿನವರು ಬಡವರಾಗಿಯೇ ಉಳಿದದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅಲ್ಲಿನ ಅನೇಕ ರೈತರು ತಮ್ಮ ಭೂಮಿಯ ಅಡಿಯಲ್ಲಿದ್ದ ಖನಿಜದ ಹಕ್ಕನ್ನು ಅಲ್ಪ ಬೆಲೆಗೆ ಮಾರಿಬಿಟ್ಟರು. ಮೇಲಿನ ಮಣ್ಣು ರೈತನದು, ಕೆಳಗಿನ ಕಲ್ಲಿದ್ದಲು ಬೇರೆಯವರದು. ಮುಂದೆ ಗುಡ್ಡವನ್ನೇ ಮೇಲಿನಿಂದ ಸಿಗಿದು ಕಲ್ಲಿದ್ದಲು ತೆಗೆಯುವ ಯಂತ್ರಗಳು ಬಂದಾಗ, ಆ ಹಳೆಯ ಪತ್ರಗಳ ಬಲದಿಂದ ಒಡೆಯನ ಒಪ್ಪಿಗೆಯಿಲ್ಲದೆಯೇ ಅವನ ಹೊಲವನ್ನು ಅಗೆಯುವುದು ಸಾಧ್ಯವಾಯಿತು. ಕೆಂಟಕಿಯ ಮತದಾರರು ೧೯೮೮ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದ ಮೇಲೆಯೇ ಇದಕ್ಕೆ ತಡೆ ಬಿದ್ದಿತು. ತನ್ನ ಅಂಗಳದಲ್ಲಿ ತನ್ನ ಮಾತು ನಡೆಯದ ಸ್ಥಿತಿ ಎಂಥದೆಂಬುದನ್ನು ಆ ಜನ ಹೀಗೆ ಬಹುಕಾಲ ಅನುಭವಿಸಿದ್ದರು.

ಎರಡನೆಯ ಮಹಾಯುದ್ಧದ ತರುವಾಯ ಗಣಿಗಳಲ್ಲಿ ಯಂತ್ರಗಳ ಬಳಕೆ ಹೆಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ತರುಣರು ಉತ್ತರದ ಕಾರ್ಖಾನೆಯ ನಗರಗಳಿಗೆ ಗುಳೆ ಹೋದರು. ಮುದುಕರು, ರೋಗಿಗಳು, ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಟ್ಟವರು ಗುಡ್ಡಗಳ ಸಂದಿನ ಹಳೆಯ ಮನೆಗಳಲ್ಲಿ ಉಳಿದರು. ೧೯೬೪ರ ಏಪ್ರಿಲ್ ೨೪ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಪೂರ್ವ ಕೆಂಟಕಿಯ ಐನೆಜ್ ಎಂಬ ಊರಿನ ಬಳಿ ಕೆಲಸವಿಲ್ಲದ ಒಬ್ಬ ಗೃಹಸ್ಥನ ಜಗಲಿಯಲ್ಲಿ ಕುಳಿತು ಮಾತನಾಡಿದರು. ಬಡತನದ ವಿರುದ್ಧ ಅವರು ಸಾರಿದ್ದ ಹೋರಾಟಕ್ಕೆ ಆ ಜಗಲಿಯ ಛಾಯಾಚಿತ್ರವೇ ಗುರುತಾಯಿತು. ಆಮೇಲೆ ಪತ್ರಿಕೆಯವರೂ ಛಾಯಾಗ್ರಾಹಕರೂ ಆ ಗುಡ್ಡಗಳಿಗೆ ಹಿಂಡುಹಿಂಡಾಗಿ ಬಂದರು.

ಇದರ ಪರಿಣಾಮ ಎಲ್ಲವೂ ಒಳ್ಳೆಯದಾಗಲಿಲ್ಲ. ೧೯೬೭ರ ಸೆಪ್ಟೆಂಬರಿನಲ್ಲಿ ಕೆನಡದ ಚಿತ್ರನಿರ್ಮಾಪಕ ಹ್ಯೂ ಓಕಾನರ್ ಪೂರ್ವ ಕೆಂಟಕಿಯ ಜೆರೆಮಾಯ ಎಂಬ ಹಳ್ಳಿಯಲ್ಲಿ ಒಂದು ಬಾಡಿಗೆಮನೆಯ ಗಣಿಕೆಲಸಗಾರನನ್ನು ಚಿತ್ರೀಕರಿಸುತ್ತಿದ್ದರು. ಬಾಡಿಗೆಗಿದ್ದವನು ಒಪ್ಪಿದ್ದನು, ಆದರೆ ಆ ಜಾಗದ ಒಡೆಯನು ಬಂದು ಗುಂಡು ಹಾರಿಸಿದನು. ಓಕಾನರ್ ಅಲ್ಲಿಯೇ ತೀರಿಕೊಂಡರು. ಕೊಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ತಮ್ಮ ಮುರುಕು ಮನೆಗಳನ್ನು ಜಗತ್ತಿಗೆಲ್ಲ ತೋರಿಸಿ ತಮ್ಮ ಮಾನ ಕಳೆಯುತ್ತಿದ್ದಾರೆಂಬ ಕುದಿ ಆ ಸೀಮೆಯಲ್ಲಿ ಎಷ್ಟು ಆಳವಾಗಿತ್ತೆಂಬುದು ಈ ದುರಂತದಿಂದ ತಿಳಿದುಬರುತ್ತದೆ. ಇಂಥ ಕಡೆಗೆ ಸುತ್ತಿಗೆ ಹಿಡಿದು ಸಹಾಯಕ್ಕೆ ಹೋಗುವುದೆಂದರೆ ಹಗುರವಾದ ಮಾತಲ್ಲ.

ಶ್ರಮಶಿಬಿರದ ಪೂರ್ವಚರಿತ್ರೆ

ಶಿಬಿರ ಹೂಡಿ ಪರರ ಮನೆ ಕಟ್ಟಿಕೊಡುವ ಪದ್ಧತಿ ಅಪಲೇಷಿಯದಲ್ಲಿಯೇ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ೧೯೨೦ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ಎಂಬವರು ಫ್ರಾನ್ಸಿನ ವರ್ಡನ್ ರಣಭೂಮಿಯ ಬಳಿಯಲ್ಲಿ ಹಾಳಾಗಿದ್ದ ಎನ್ ಎಂಬ ಹಳ್ಳಿಗೆ ಒಂದು ಚಿಕ್ಕ ತಂಡವನ್ನು ಕರೆದೊಯ್ದರು. ಸೆರೆಸೋಲ್ ಅವರು ಕ್ರಿಸ್ತನ ಬೋಧೆಯ ಆಧಾರದ ಮೇಲೆ ಯುದ್ಧವನ್ನು ವಿರೋಧಿಸಿ ಸೆರೆಮನೆ ಕಂಡವರು. ಅವರ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆ ಕೆಡವಿದ ದೇಶದವರು ಇಂದು ಕಟ್ಟಿಕೊಡಬೇಕೆಂಬುದು ಅವರ ಆಶಯ. ಆಶಯ ದೊಡ್ಡದಾಗಿತ್ತು, ಆದರೆ ಗಾಯ ಇನ್ನೂ ಹಸಿಯಾಗಿದ್ದ ಆ ಸೀಮೆಯಲ್ಲಿ ವಿರೋಧವುಂಟಾಗಿ ಕೆಲವೇ ತಿಂಗಳುಗಳಲ್ಲಿ ಕೆಲಸವನ್ನು ನಿಲ್ಲಿಸಬೇಕಾಯಿತು. ಕೊಡುವವನಿಗೆ ಮನಸ್ಸಿದ್ದರೆ ಸಾಲದು, ಪಡೆಯುವವನಿಗೂ ಮನಸ್ಸಿರಬೇಕೆಂಬುದು ಈ ಮೊದಲ ಶಿಬಿರದ ಪಾಠ.

ಈ ಪ್ರಯತ್ನದಿಂದ ಬೆಳೆದ ಅಂತರರಾಷ್ಟ್ರೀಯ ಸೇವಾಸಂಸ್ಥೆಗೂ ನಮ್ಮ ದೇಶಕ್ಕೂ ಹಳೆಯ ಸಂಬಂಧವಿದೆ. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಸೆರೆಸೋಲ್ ಅವರು ಭಾರತಕ್ಕೆ ಬಂದು, ಸಂಗಡಿಗರೊಡನೆ ಹಳ್ಳಿಗಳ ಪುನರ್ನಿರ್ಮಾಣದಲ್ಲಿ ದುಡಿದರು. ಗಾಂಧೀಜಿಯವರನ್ನೂ ರಾಜೇಂದ್ರ ಪ್ರಸಾದರನ್ನೂ ಕಂಡು ಮಾತನಾಡಿದರು. ಯೂರೋಪಿನ ವಿದ್ಯಾವಂತರು ನಮ್ಮ ಹಳ್ಳಿಗರ ಪಕ್ಕದಲ್ಲಿ ಮಣ್ಣು ಹೊತ್ತದ್ದು ಆ ಕಾಲಕ್ಕೆ ಅಪರೂಪದ ದೃಶ್ಯವೇ ಸರಿ.

೧೯೬೯ರ ಬೇಸಗೆ

ಅಪಲೇಷಿಯದ ಶಿಬಿರಕ್ಕೆ ಬರೋಣ. ಗ್ಲೆನ್ ಇವಾನ್ಸ್ ಎಂಬ ಮೆಥಾಡಿಸ್ಟ್ ಪಾದ್ರಿಗಳನ್ನು ಜನರು ಟೆಕ್ಸ್ ಎಂಬ ಹೆಸರಿನಿಂದ ಕರೆಯುತ್ತಿದ್ದರು. ಅವರು ೧೯೬೯ರ ಬೇಸಗೆಯಲ್ಲಿ ಸುಮಾರು ೫೦ ಮಂದಿ ತರುಣರನ್ನೂ ಹಿರಿಯರನ್ನೂ ಕೆಂಟಕಿಯ ಬಾರ್ಬರ್‌ವಿಲ್ ಎಂಬ ಊರಿಗೆ ಕರೆತಂದು ನಾಲ್ಕು ಮನೆಗಳನ್ನು ದುರಸ್ತು ಮಾಡಿಸಿದರು. ಇದೇ ಅಪಲೇಷಿಯ ಸರ್ವಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಆರಂಭ. ಕಾಲಕ್ರಮದಲ್ಲಿ ಈ ಕಾರ್ಯವು ಟೆನೆಸಿ, ವರ್ಜೀನಿಯ, ಪಶ್ಚಿಮ ವರ್ಜೀನಿಯ, ಉತ್ತರ ಕ್ಯಾರೊಲೈನ ರಾಜ್ಯಗಳಿಗೂ ಹಬ್ಬಿತು.

ಕಾರ್ಯಕ್ರಮ ಸರಳವಾದುದು. ಬೇಸಗೆಯ ರಜೆಯಲ್ಲಿ ಹದಿನಾಲ್ಕು ವರ್ಷ ದಾಟಿದ ಹುಡುಗರೂ ಹುಡುಗಿಯರೂ ತಮ್ಮ ತಮ್ಮ ಚರ್ಚಿನ ಹಿರಿಯರೊಡನೆ ಒಂದು ವಾರದ ಮಟ್ಟಿಗೆ ಬರುತ್ತಾರೆ. ರಜೆಯಿಂದ ಬರಿದಾಗಿರುವ ಶಾಲೆಯ ಕಟ್ಟಡಗಳೇ ಸಾಮಾನ್ಯವಾಗಿ ಅವರ ಬಿಡಾರ. ಭಾನುವಾರ ಬಂದಿಳಿಯುವುದು, ಸೋಮವಾರದಿಂದ ಶುಕ್ರವಾರದವರೆಗೆ ದುಡಿಯುವುದು, ಸಂಜೆ ಬಿಡಾರದಲ್ಲಿ ಪ್ರಾರ್ಥನೆ ಮತ್ತು ಆತ್ಮವಿಚಾರಕ್ಕಾಗಿ ಒಟ್ಟುಗೂಡುವುದು. ಏಳು ಜನರ ಸುಮಾರಿಗೆ ಒಂದೊಂದು ತಂಡ, ಒಂದೊಂದು ತಂಡಕ್ಕೆ ಒಂದೊಂದು ಮನೆ. ಒಂದು ವಾರದಲ್ಲಿ ಮುಗಿಯದ ಕೆಲಸವನ್ನು ಮರುವಾರ ಬರುವ ತಂಡ ಮುಂದುವರಿಸುತ್ತದೆ. ಇಡೀ ಬೇಸಗೆ ಶಿಬಿರದ ಮೇಲ್ವಿಚಾರಣೆ ನೋಡುವವರಲ್ಲಿ ಬಹುಮಂದಿ ನಮ್ಮಂತೆ ಕಾಲೇಜಿನಲ್ಲಿ ಓದುತ್ತಿರುವವರು. ತಂಡಗಳು ಬರುವುದಕ್ಕೆ ಮುಂಚೆಯೇ ಇವರು ಅರ್ಜಿ ಹಾಕಿದ ಮನೆಗಳಿಗೆ ಹೋಗಿ ಮನೆಯವರೊಡನೆ ಮಾತನಾಡಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಗೊತ್ತುಮಾಡುತ್ತಾರೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಶಿಬಿರಕ್ಕೆ ಬರುವವರು ಶುಲ್ಕ ಕೊಟ್ಟು ಬರುತ್ತಾರೆ. ಮನೆಯವರು ಏನನ್ನೂ ಕೊಡಬೇಕಾಗಿಲ್ಲ. ದುಡಿಯುವವನೇ ದುಡಿಯುವುದಕ್ಕಾಗಿ ಹಣ ತೆರುವುದು ಲೋಕದ ಲೆಕ್ಕಕ್ಕೆ ತಲೆಕೆಳಗಾದ ವ್ಯವಹಾರ. ಮನೆಯವರು ಯಾವ ಮತದವರು, ಚರ್ಚಿಗೆ ಹೋಗುವರೋ ಇಲ್ಲವೋ ಎಂಬುದು ಸಹಾಯಕ್ಕೆ ಷರತ್ತಲ್ಲ. ಜನರನ್ನು ಅವರು ಇದ್ದ ಸ್ಥಳದಲ್ಲಿ, ಇದ್ದ ಹಾಗೆಯೇ ಒಪ್ಪಿಕೊಳ್ಳಬೇಕೆಂಬುದು ಇವಾನ್ಸ್ ಅವರು ಹಾಕಿಕೊಟ್ಟ ನಿಯಮ.

ಕೆಲಸದ ಸ್ವರೂಪ

ಮನೆ ಬೆಚ್ಚಗಿರಬೇಕು, ಅಪಾಯವಿಲ್ಲದಂತಿರಬೇಕು, ಒಣಗಿರಬೇಕು: ಈ ಮೂರೇ ಸಂಸ್ಥೆಯ ಗುರಿ. ಅಂದಚೆಂದ ಆಮೇಲಿನದು. ಆ ಗುಡ್ಡಗಾಡಿನ ಬಡವರಲ್ಲಿ ಅನೇಕರು ಇರುವುದು ಕಾರ್ಖಾನೆಯಲ್ಲಿ ತಯಾರಿಸಿ, ಲಾರಿಯ ಹಿಂದೆ ಕಟ್ಟಿ ಎಳೆದು ತಂದು ನಿಲ್ಲಿಸಿದ ಮನೆಗಳಲ್ಲಿ. ಹಳೆಯ ಕಾಲದ ಇಂಥ ಮನೆಗಳ ಗೋಡೆ ತೆಳು. ನೆಲಕ್ಕೆ ಹಾಕಿರುವುದು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಒಂದು ಕೊಳಾಯಿ ಸಣ್ಣಗೆ ಸೋರಿದರೂ ಈ ಹಲಗೆ ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕಾಲಿಟ್ಟಲ್ಲಿ ಕುಸಿಯುತ್ತದೆ. ಆದುದರಿಂದ ಮೇಲಿನ ನೆಲವನ್ನು ಬದಲಾಯಿಸುವ ಮೊದಲು ಕೊಳಾಯಿಯನ್ನು ಸರಿಪಡಿಸಬೇಕು; ಅಡಿಯ ತೊಲೆ ಕೊಳೆತಿದ್ದರೆ ಅದಕ್ಕೆ ಜೋಡಿಯಾಗಿ ಹೊಸ ತೊಲೆಯನ್ನು ಬಿಗಿಯಬೇಕು; ಚಳಿಗಾಲದ ಗಾಳಿ ಅಡಿಯಿಂದ ನುಗ್ಗದಂತೆ ಸುತ್ತಲೂ ಮುಚ್ಚಬೇಕು. ಕಾರಣವನ್ನು ಬಿಟ್ಟು ಗುರುತನ್ನು ಮುಚ್ಚಿದರೆ ವರ್ಷದೊಳಗೆ ಮತ್ತೆ ಅದೇ ಗತಿ.

ಮತ್ತೊಂದು ಮುಖ್ಯ ಕೆಲಸ ಗಾಲಿಕುರ್ಚಿಗೆ ಇಳಿಜಾರು ದಾರಿ ಕಟ್ಟುವುದು. ಇದರ ಲೆಕ್ಕ ಕಟ್ಟುನಿಟ್ಟಾದುದು: ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ. ಬಾಗಿಲು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದರೆ ೩೦ ಅಡಿಯ ದಾರಿ ಬೇಕು. ನಾಲ್ಕು ಮೆಟ್ಟಿಲಿದ್ದ ಜಾಗಕ್ಕೆ ಇಷ್ಟುದ್ದವೇಕೆಂದು ಕೇಳುವವರು ಆ ಮೆಟ್ಟಿಲ ಮೇಲೆ ಕುಳಿತೇ ವರ್ಷಗಳನ್ನು ಕಳೆದ ರೋಗಿಯನ್ನು ಕೇಳಬೇಕು. ಅಂಗಳಕ್ಕಿಳಿದು ಬಿಸಿಲು ಕಾಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಆ ೩೦ ಅಡಿಯ ಹಲಗೆ ಅವನಿಗೆ ಮರಳಿ ಕೊಡುತ್ತದೆ.

ಒಂದು ಆಕ್ಷೇಪ

ಒಂದು ವಾರದ ಮಟ್ಟಿಗೆ ಬಂದ, ಗರಗಸ ಹಿಡಿದು ಅಭ್ಯಾಸವಿಲ್ಲದ ಮಕ್ಕಳಿಂದ ಏನಾದೀತು? ಗಣಿಯ ಅನ್ಯಾಯವನ್ನು ಹಾಗೆಯೇ ಬಿಟ್ಟು ಮಾಡಿಗೆ ಮೊಳೆ ಹೊಡೆದರೆ ಬಡತನ ಹೋದೀತೇ? ಈ ಆಕ್ಷೇಪ ನ್ಯಾಯವಾದುದೇ. ೧೯೬೪ರಲ್ಲಿ ಕೆಂಟಕಿಯ ಬೆರಿಯ ಕಾಲೇಜಿನ ವಿದ್ಯಾರ್ಥಿಗಳು ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆಗಳಿಗೆ ಬಣ್ಣ ಬಳಿದು ಕಿಟಕಿ ಕೂರಿಸುವ ಕೆಲಸವನ್ನು ಕೈಗೊಂಡರು. ಅಪಲೇಷಿಯನ್ ವಾಲಂಟಿಯರ್ಸ್ ಎಂಬ ಈ ಚಳವಳಿಯವರಿಗೆ ಕೆಲವೇ ವರ್ಷಗಳಲ್ಲಿ ಬಣ್ಣ ಸಾಲದೆಂಬುದು ಮನವರಿಕೆಯಾಯಿತು. ಅವರಲ್ಲಿ ಅನೇಕರು ಗುಡ್ಡ ಸಿಗಿಯುವ ಗಣಿಗಾರಿಕೆಯ ವಿರುದ್ಧ ಜನರನ್ನು ಸಂಘಟಿಸುವುದಕ್ಕೆ ನಿಂತರು. ಅದು ಧೈರ್ಯದ ಹೆಜ್ಜೆ.

ಆದರೆ ಒಂದು ಕೆಲಸವು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಕಾನೂನು ಬದಲಾಗುವವರೆಗೆ ಮಳೆ ಕಾಯುವುದಿಲ್ಲ. ೨೦೨೨ರ ಜುಲೈ ಕೊನೆಯಲ್ಲಿ ಪೂರ್ವ ಕೆಂಟಕಿಯಲ್ಲಿ ನೆರೆ ಬಂದು ೪೦ಕ್ಕೂ ಹೆಚ್ಚು ಮಂದಿ ಸತ್ತರು, ಕಣಿವೆಯ ಮನೆಗಳು ಕೊಚ್ಚಿಹೋದವು. ಆಗ ಮನೆ ಕಳೆದುಕೊಂಡವರಿಗೆ ಬೇಕಾದದ್ದು ಮೊದಲು ಒಂದು ಸೂರು. ಅಲ್ಲದೆ, ಹದಿನಾರರ ವಯಸ್ಸಿನಲ್ಲಿ ಕೊಳೆತ ತೊಲೆಯ ಕೆಳಗೆ ಅಂಗಾತ ಮಲಗಿ ಮೊಳೆ ಹೊಡೆದವನು ಬಡತನವೆಂದರೆ ಸೋಮಾರಿತನವೆಂದು ಮುಂದೆ ಸುಲಭವಾಗಿ ಹೇಳಲಾರನು.

ನೆರೆಯವನು ಯಾರು?

ಈ ಶಿಬಿರಗಳ ಹಿಂದಿರುವ ಭಾವನೆಯನ್ನು ತಿಳಿಯಲು ಲೂಕನ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿರುವ ಸಾಮ್ಯವನ್ನು ನೆನೆಯಬೇಕು. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಬಲ್ಲ ಒಬ್ಬ ಧರ್ಮಶಾಸ್ತ್ರಿ, ತನ್ನ ನೆರೆಯವನು ಯಾರೆಂದು ಯೇಸುವನ್ನು ಕೇಳುತ್ತಾನೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ನೋಡಿ ಪಕ್ಕಕ್ಕೆ ಸರಿದು ಹೋದ, ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ಗಾಯ ಕಟ್ಟಿ ಛತ್ರಕ್ಕೆ ಸೇರಿಸಿದ ಕಥೆಯನ್ನು ಯೇಸು ಹೇಳುತ್ತಾನೆ. ಕೊನೆಗೆ ಪ್ರಶ್ನೆಯನ್ನೇ ತಿರುಗಿಸಿ, ಬಿದ್ದವನಿಗೆ ಈ ಮೂವರಲ್ಲಿ ನೆರೆಯವನಾದವನು ಯಾರೆಂದು ಕೇಳುತ್ತಾನೆ. ನೆರೆಯವನೆಂದರೆ ಪಕ್ಕದ ಮನೆಯಲ್ಲಿ ಹುಟ್ಟಿದವನಲ್ಲ, ಬಳಿಗೆ ಹೋಗಿ ಆಗಬೇಕಾದವನು ಎಂಬುದು ಇದರ ತಾತ್ಪರ್ಯ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹತ್ತಿರವಾದ ಇನ್ನೊಂದು ಮಾತುಂಟು: ಮುಯ್ಯಾಳು. ನನ್ನ ಗದ್ದೆಗೆ ಇಂದು ನೀನು, ನಿನ್ನ ಗದ್ದೆಗೆ ನಾಳೆ ನಾನು. ಇಲ್ಲಿ ಕೊಡುವವನೂ ಪಡೆಯುವವನೂ ಸಮಾನರು. ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಶಿಬಿರದವರು ಬಂದು ಹೋಗುವವರು; ಅವರಿಗೆ ಮುಯ್ಯಿ ತೀರಿಸುವುದು ಹೇಗೆ? ಅಪಲೇಷಿಯದ ಶಿಬಿರದಲ್ಲಿ ಮನೆಯವರೊಡನೆ ಕುಳಿತು ಮಾತನಾಡುವುದನ್ನೂ ಕೆಲಸದ ಒಂದು ಭಾಗವೆಂದೇ ಎಣಿಸುವುದು ನನಗೆ ಮುಖ್ಯವಾಗಿ ತೋರುತ್ತದೆ. ಮನೆಯಾತ ತನ್ನ ಗಣಿಯ ಕಥೆ ಹೇಳಿದಾಗ, ಗರಗಸ ಹಿಡಿಯುವ ರೀತಿ ತೋರಿಸಿದಾಗ, ಮನೆಯಾಕೆ ಮೆಕ್ಕೆಜೋಳದ ರೊಟ್ಟಿ ಕೊಟ್ಟಾಗ ಮುಯ್ಯಿ ತೀರುತ್ತದೆ. ಅದನ್ನು ಸಂತೋಷದಿಂದ ಸ್ವೀಕರಿಸಿದವನು ನೆರೆಯವನಾಗುತ್ತಾನೆ. ಬೇಡವೆಂದು ಕೈ ಆಡಿಸಿದವನು ಮನೆಯವರನ್ನು ಸಾಲಗಾರರನ್ನಾಗಿ ಮಾಡಿ ಹೋಗುತ್ತಾನೆ.

ನಮ್ಮ ಶಿಬಿರ

ಅಪಲೇಷಿಯದ ಶಿಬಿರ ಆರಂಭವಾದ ೧೯೬೯ರಲ್ಲಿಯೇ, ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ನಮ್ಮ ದೇಶದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಸ್ವಾರಸ್ಯದ ಸಂಗತಿ. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದಿದ್ದ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್. ಆ ವರ್ಷದ ಸೆಪ್ಟೆಂಬರ್ ೨೪ರಂದು ೩೭ ವಿಶ್ವವಿದ್ಯಾನಿಲಯಗಳಲ್ಲಿ ಅವರು ಇದಕ್ಕೆ ಚಾಲನೆ ಕೊಟ್ಟರು. ಅದರ ವಿಶೇಷ ಶಿಬಿರ ಏಳು ದಿನದ್ದು. ಅದೂ ಒಂದು ವಾರವೇ.

ಅಂಥ ಶಿಬಿರವೊಂದಕ್ಕೆ ನಾನೂ ಹೋಗಿದ್ದೆ. ಊರಾಚೆ ಒಬ್ಬಳೇ ಇದ್ದ ಅಜ್ಜಿಯ ಮನೆಗೆ ಸುಣ್ಣ ಬಳಿಯುವ ಕೆಲಸ ನಮ್ಮ ತಂಡಕ್ಕೆ ಬಂದಿತು. ಅಜ್ಜಿ ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಅವಳು ಬರುವುದರೊಳಗೆ ಮುಗಿಸಿ ಬೆರಗುಗೊಳಿಸಬೇಕೆಂಬ ಉತ್ಸಾಹದಿಂದ ಹೊರಗಿನ ಗೋಡೆ ಮುಗಿಸಿ, ಒಳಗಿನ ಒಲೆಯ ಪಕ್ಕದ ಗೋಡೆಗೂ ಸುಣ್ಣ ಬಳಿದೆವು. ಅಜ್ಜಿ ಬಂದಳು, ಗೋಡೆಯನ್ನು ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಇದ್ದಿಲಲ್ಲಿ ಗೆರೆ ಎಳೆದಿದ್ದೆನಲ್ಲಪ್ಪ, ಎಲ್ಲಿ?" ಎಂದು ಕೇಳಿದಳು. ಅದು ಅವಳು ಹೋಟೆಲಿಗೆ ಹಾಕುತ್ತಿದ್ದ ಹಾಲಿನ ತಿಂಗಳ ಲೆಕ್ಕ. ನಾವು ಯಾರೂ ಉತ್ತರ ಕೊಡಲಿಲ್ಲ. "ಹೋಗಲಿ ಬಿಡಿ ಮಕ್ಕಳೇ, ನೆನಪಿದೆ" ಎಂದು ಹೇಳಿ ಒಳಗಿನಿಂದ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟಳು. ಅವಳಿಗೆ ನೆನಪಿತ್ತೋ ಇಲ್ಲವೋ ನಾನರಿಯೆ.

ನನ್ನ ತಾಯಿಗೂ ಅಕ್ಷರ ಬಾರದು. ನಮ್ಮ ಮನೆಯ ಅಡಿಗೆಮನೆಯ ಬಾಗಿಲ ಹಿಂದೆ ಇಂಥವೇ ಗೆರೆಗಳಿವೆ. ಕೂಲಿಯ ದಿನಗಳನ್ನು ಅವಳು ಎಣಿಸುವುದು ಅದರಲ್ಲಿಯೇ. ಆ ತಂಡದಲ್ಲಿ ಆ ಗೋಡೆಯನ್ನು ಓದಬಲ್ಲವನು ಬೇರೆ ಯಾರಿದ್ದರೋ ಕಾಣೆ, ನಾನಂತೂ ಇದ್ದೆ. ಕೈಯಲ್ಲಿ ಸುಣ್ಣದ ಕುಂಚವಿದ್ದುದರಿಂದ ನಾನೂ ಓದಲಿಲ್ಲ.

ಅಪಲೇಷಿಯದ ಶಿಬಿರದ ವಿಷಯವನ್ನು ನಾನು ಓದಿ ತಿಳಿದುಕೊಂಡದ್ದು ಇದಾದ ಮೇಲೆ. ಅವರಿಂದ ನಾವು ಕಲಿಯಬೇಕಾದದ್ದು ಮರಗೆಲಸವಲ್ಲ; ಅದನ್ನು ಕಲಿಸುವವರು ನಮ್ಮಲ್ಲಿಯೇ ಇದ್ದಾರೆ. ಮೊದಲು ಹೋಗಿ ಮನೆಯವರನ್ನು ಕಾಣಬೇಕು. ಏನು ಬೇಕೆಂದು ಅವರನ್ನೇ ಕೇಳಬೇಕು. ಕೆಲಸ ನಡೆಯುವಾಗ ಅವರು ಮನೆಯಲ್ಲಿರಬೇಕು, ಅವರ ಮಾತು ನಡೆಯಬೇಕು. ಅವರು ಕೊಟ್ಟದ್ದನ್ನು ಕುಳಿತು ಉಣ್ಣಬೇಕು. ನೆರೆಮನೆಯ ಸೂರು ನಮ್ಮ ಕೈಯಿಂದ ಗಟ್ಟಿಯಾಗಬಹುದು. ಆದರೆ ಆ ಸೂರಿನ ಒಡೆತನ ನಮ್ಮ ಕೈಯಿಂದ ಸಡಿಲವಾಗಬಾರದು.

ಅಜ್ಜಿಯ ಮನೆಯ ಹಿಂಬದಿಯ ಹೆಂಚುಗಳು ಸರಿದಿದ್ದುದನ್ನು ಅಂದು ಕಂಡಿದ್ದೆವು. ಸುಣ್ಣದ ಸಂಭ್ರಮದಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಮಳೆ ಹಿಡಿಯುವುದಕ್ಕೆ ಮುಂಚೆ, ನಾವು ನಾಲ್ವರು ಗೆಳೆಯರು ಆ ಊರಿಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಅಜ್ಜಿ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಹೋಗುತ್ತೇವೆ. ಅವಳು ಒಪ್ಪಿದರೆ ಹೆಂಚು ಕೈಯಾಡಿಸಿ ಬರುತ್ತೇವೆ.